ಗೊಂಬೆಮನೆಗೆ ಯಾರಾದರೂ ಪಾಯ ತೋಡುತ್ತಾರೆಯೇ?

ಹಿತ್ತಲಿನಲ್ಲಿ ಮಕ್ಕಳಿಗೆ ಆಟದ ಮನೆ ಕಟ್ಟಿಸುವ ಯೋಚನೆ ನಿಮಗಿದ್ದರೆ, ನಿಮ್ಮ ನೆಲ ಎರೆ ಮಣ್ಣಿನದು, ಅಂದರೆ ಕಪ್ಪು ಜೇಡಿ ಮಣ್ಣಿನದಾಗಿದ್ದರೆ, ಸಿಮೆಂಟು ತರುವ ಮೊದಲು ಇದನ್ನು ಓದಿ. ಅಂಥ ಮನೆಯ ತಳವನ್ನು ಎರಡು ಸಲ ಹಾಕಿಸಿ ಎರಡು ಸಲ ಒಡೆಸಿದವಳು ಬರೆಯುತ್ತಿದ್ದೇನೆ.

ನಾವಿರುವುದು ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯ ಕಡೆಯ ಬಡಾವಣೆಯಲ್ಲಿ. ಹಿಂದೆ ಅದು ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದ ಹೊಲ. ಮನೆಯ ಪಿಲ್ಲರ್‌ಗಳನ್ನು ಆಳಕ್ಕೆ ಇಳಿಸಿರುವುದರಿಂದ ಮನೆ ಅಲುಗಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಮಾತ್ರ ಮೆಟ್ಟಿಲು ಹತ್ತಿದಂತೆ ಬಿರುಕುಗಳಿವೆ. ಅವುಗಳ ಮುಂದೆಯೇ ದಿನವೂ ಬಟ್ಟೆ ಒಣಹಾಕುತ್ತಿದ್ದೆ. ನೆಲ ಅಷ್ಟು ಸ್ಪಷ್ಟವಾಗಿ ಬರೆದು ತೋರಿಸಿದರೂ ಓದಲಿಲ್ಲ.

ಮಗಳಿಗೆ ಆರು ವರ್ಷ ತುಂಬಿದ ಬೇಸಿಗೆಯಲ್ಲಿ ಬಡಿಗರಿಂದ ಪುಟ್ಟ ಮನೆ ಮಾಡಿಸಿದೆವು. ಬೇವಿನ ಮರದ ಚೌಕಟ್ಟು, ಪ್ಲೈವುಡ್ ಗೋಡೆ, ತಗಡಿನ ಮಾಡು, ಒಂದು ಬಾಗಿಲು, ಒಂದು ಕಿಟಕಿ. ಅದನ್ನು ನಿಲ್ಲಿಸಲು 8 ಅಡಿ ಉದ್ದ, 6 ಅಡಿ ಅಗಲದ ತಳ ಬೇಕಿತ್ತು. ಗೌಂಡಿ, ಅಂದರೆ ನಿಮ್ಮ ಕಡೆಯ ಗಾರೆ ಮೇಸ್ತ್ರಿ, ಬಂದು ನೋಡಿ, “ಅಕ್ಕಾ, ಸ್ವಲ್ಪ ಅಗೆದು ಗರಸು ತುಂಬಿಸೋಣವೇ?” ಎಂದು ಕೇಳಿದರು. ಎರಡು ದಿನದ ಆಳಿನ ಕೂಲಿ, ಒಂದು ಟ್ರ್ಯಾಕ್ಟರ್ ಗರಸಿನ, ಅಂದರೆ ಕಲ್ಲುಹರಳು ಬೆರೆತ ಗಟ್ಟಿ ಮಣ್ಣಿನ, ಲೆಕ್ಕ ಹೇಳಿದರು. “ಗೊಂಬೆಮನೆಗೆ ಯಾರಾದರೂ ಪಾಯ ತೋಡುತ್ತಾರೆಯೇ?” ಎಂದು ನಾನೇ ನಕ್ಕೆ. ನವಲಗುಂದದ ಎರೆ ಹೊಲದಲ್ಲಿ ಜೀವಮಾನ ಕಳೆದ ನಮ್ಮ ಮಾವನವರೂ ಪಕ್ಕದಲ್ಲಿ ಕುಳಿತು ನಕ್ಕರು. ಹೀಗಾಗಿ ಹಿರಿಯರ ಮಾತು ಕೇಳಲಿಲ್ಲ ಎಂಬ ಅಪವಾದ ಮಾತ್ರ ನನ್ನ ಮೇಲಿಲ್ಲ.

ಏಪ್ರಿಲ್ ಕೊನೆಯ ವಾರ. ನೆಲದಲ್ಲಿ ಮಗಳ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು. ಅವುಗಳಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಧಮ್ಮಸ್ಸು ಹೊಡೆದು (ಬಡಿದು ಗಟ್ಟಿ ಮಾಡಿ), ಮೇಲೆ 3 ಇಂಚಿನ ಕಾಂಕ್ರೀಟ್ ಬೆಡ್ ಹಾಕಿದರು. ಎರಡು ಚೀಲ ಸಿಮೆಂಟು ಸಾಕಾಯಿತು. ಚೌಕಟ್ಟಿನ ನಾಲ್ಕೂ ಕಂಬಗಳನ್ನು ಕಬ್ಬಿಣದ ಪಟ್ಟಿ ಕೊಟ್ಟು ಹಸಿ ಕಾಂಕ್ರೀಟಿನಲ್ಲೇ ಹುಗಿದರು. ಗಟ್ಟಿಯಾಗಲಿ ಎಂದು ನಾನೇ ಹೇಳಿದ್ದೆ. ಒಂದು ವಾರ ನೀರು ಉಣಿಸಿದೆವು. ನೀರಿನ ಪೈಪಿನಿಂದ ಮಟ್ಟ ನೋಡಿದಾಗ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಮೃಗಶಿರ ಮಳೆ ಚೆನ್ನಾಗಿ ಬಂತು. ಬಾಗಿಲು ಬಿಗಿಯಾಗತೊಡಗಿತು. ಮಳೆಗೆ ಮರ ಹಿಗ್ಗಿದೆ ಎಂದುಕೊಂಡು ಬಡಿಗರನ್ನು ಕರೆಸಿ ರಂದಾ ಹೊಡೆಸಿದೆ. ಹತ್ತು ದಿನಕ್ಕೆ ಮತ್ತೆ ಬಿಗಿ, ಮತ್ತೆ ರಂದಾ. ಎರಡನೆಯ ಸಲ ಬಡಿಗರು ಬಾಗಿಲನ್ನು ಬಿಟ್ಟು ಚೌಕಟ್ಟಿನ ಮೂಲೆಗೆ ಮಟ್ಟಗೋಲು ಹಿಡಿದು ನೋಡಿದ್ದರೆ ಮುಂದಿನದು ತಪ್ಪುತ್ತಿತ್ತು. ಅವರೂ ನೋಡಲಿಲ್ಲ, ನನಗೂ ಹೊಳೆಯಲಿಲ್ಲ. ಬಾಗಿಲು ಸಿಕ್ಕಿಕೊಂಡರೆ ಎಲ್ಲರೂ ಬಾಗಿಲನ್ನೇ ಬೈಯುತ್ತೇವೆ.

ಆರಿದ್ರಾ ಮಳೆಯ ಒಂದು ಸಂಜೆ ಮಗಳು ಮತ್ತು ಪಕ್ಕದ ಮನೆಯ ಹುಡುಗಿ ಒಳಗೆ ಕುಳಿತು ಅಡುಗೆ ಆಟ ಆಡುತ್ತಿದ್ದರು. ಮಳೆ ಜೋರಾದಾಗ ಬಾಗಿಲನ್ನು ಒಳಗಿನಿಂದ ಎಳೆದುಕೊಂಡಿದ್ದಾರೆ. ಆಮೇಲೆ ತೆಗೆಯಲು ಬರಲಿಲ್ಲ. ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಅವರು ಕೂಗಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಲೇ ಇಲ್ಲ. ಕಿಟಕಿಗೆ ಚೆಂದ ಕಾಣಲೆಂದು ಅಡ್ಡಪಟ್ಟಿ ಹೊಡೆಸಿದ್ದೆ, ಅದರಿಂದಲೂ ಹೊರಬರುವಂತಿರಲಿಲ್ಲ. ಕತ್ತಲಾಯಿತೆಂದು ಕರೆಯಲು ಹೋದಾಗ ಇಬ್ಬರೂ ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಎಳೆದರೆ ಬಾಗಿಲು ಜಗ್ಗಲಿಲ್ಲ. ಸ್ಕ್ರೂಡ್ರೈವರ್ ತಂದು, ಮಳೆಯಲ್ಲೇ ನಿಂತು ಕೀಲು ಬಿಚ್ಚಿ ಹೊರತೆಗೆದೆ. ಪಕ್ಕದ ಮನೆಯವರು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಮರುದಿನ ಮಟ್ಟ ಹಿಡಿದಾಗ ತಳದ ಒಂದು ಬದಿ ಇನ್ನೊಂದಕ್ಕಿಂತ ಒಂದೂಮುಕ್ಕಾಲು ಇಂಚು ಮೇಲೆದ್ದಿತ್ತು. ಕುಸಿದಿರಲಿಲ್ಲ, ಎದ್ದಿತ್ತು. ನಡುವೆ ಉದ್ದಕ್ಕೆ ಬಿರುಕು. ಹುಗಿದ ಕಂಬಗಳು ಆ ಬಿರುಕಿನ ಆಚೀಚೆ ಒಂದೊಂದು ದಿಕ್ಕಿಗೆ ಚೌಕಟ್ಟನ್ನು ತಿರುಚಿದ್ದವು.

ನನ್ನ ಅಕ್ಕನ ಮಗ ಸಿವಿಲ್ ಡಿಪ್ಲೊಮಾ ಓದುತ್ತಾನೆ. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ, ಅದರ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗಿ ಸೀಳುತ್ತದೆ ಎಂದು ಅವನು ಹೇಳಿದ. ನಾನು ಬೇಸಿಗೆಯಲ್ಲಿ, ಮಣ್ಣು ಅತಿ ಹೆಚ್ಚು ಕುಗ್ಗಿ ಕುಳಿತಾಗಲೇ ಅದರ ಮೇಲೆ ಮುಚ್ಚಳ ಹಾಕಿದ್ದೆ. ಮುಂದೆ ಅದಕ್ಕಿದ್ದ ದಾರಿ ಮೇಲೇಳುವುದೊಂದೇ. ನನ್ನನ್ನು ಪೂರ್ತಿ ತಲೆಕೆಳಗು ಮಾಡಿದ್ದು ಅವನ ಇನ್ನೊಂದು ಮಾತು: ಉಬ್ಬುವ ಮಣ್ಣನ್ನು ಸ್ವಲ್ಪವಾದರೂ ಅದುಮಿ ಹಿಡಿಯುವುದು ಮೇಲಿನ ಭಾರ. ಮನೆ ಹಗುರವಾದಷ್ಟೂ ಅದನ್ನು ಎತ್ತುವುದು ಮಣ್ಣಿಗೆ ಸುಲಭ. ಹಗುರವಾದದ್ದಕ್ಕೆ ಪಾಯ ಬೇಡ ಎಂದು ನಾನು ನಕ್ಕಿದ್ದೆನಲ್ಲ! ಇದನ್ನು ಕೇಳಿದ ಮಾವನವರು, ಊರಿನ ಮಾಳಿಗೆ ಮನೆಯ ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಇವತ್ತಿಗೂ ನೆಟ್ಟಗಿದೆ, ದನದ ಕೊಟ್ಟಿಗೆಯ ತೆಳು ಗೋಡೆ ಮಾತ್ರ ವರ್ಷವೂ ಒಡೆಯುತ್ತಿತ್ತು ಎಂದು ನೆನಪಿಸಿಕೊಂಡರು. ನಗುವ ಮೊದಲು ನೆನಪಾಗಬೇಕಿತ್ತು.

ಒಂದೇ ಬದಿ ಏಕೆ ಎದ್ದಿತು ಎಂಬುದಕ್ಕೆ ಉತ್ತರ ಕಣ್ಣೆದುರೇ ಇತ್ತು. ಆ ಬದಿಗೆ ನಾಲ್ಕು ಅಡಿ ದೂರದಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ನೀರೆಲ್ಲ ನೆಲಕ್ಕೇ ಇಂಗುತ್ತದೆ. ಎದುರು ಬದಿಯಲ್ಲಿ ನುಗ್ಗೆ ಮರ, ಇದ್ದ ನೀರನ್ನೂ ಹೀರುತ್ತದೆ. ಇಡೀ ತಳ ಒಂದೇ ಸಮನಾಗಿ ಎದ್ದು ಇಳಿದಿದ್ದರೆ ಬಾಗಿಲಿಗೆ ಗೊತ್ತೇ ಆಗುತ್ತಿರಲಿಲ್ಲ. ಕೆಡಿಸಿದ್ದು ಆ ಏರುಪೇರು.

ಅಕ್ಕನ ಮಗ ನಮ್ಮ ಮಣ್ಣನ್ನು ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿದ. ಒಣಗಿಸಿ ಸಣ್ಣಗೆ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, 24 ಗಂಟೆ ಬಿಟ್ಟು ನೋಡುವುದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನಮ್ಮದು ಎಣ್ಣೆಯಲ್ಲಿ 12 ಮಿಲಿಲೀಟರ್, ನೀರಿನಲ್ಲಿ 22. ಅಂದರೆ ನೂರಕ್ಕೆ 83ರಷ್ಟು ಹಿಗ್ಗು. 50 ದಾಟಿದರೇ ಎಚ್ಚರವಹಿಸಬೇಕಂತೆ. ಬೆಡ್ ಹಾಕಿಸುವ ಮೊದಲು ಮಾಡಿಸಬೇಕಾದ ಪರೀಕ್ಷೆಯನ್ನು ಬೆಡ್ ಒಡೆದ ಮೇಲೆ ಮಾಡಿಸಿದೆ.

ಇಷ್ಟು ತಿಳಿದ ಮೇಲೂ ಎರಡನೆಯ ಸಲ ಹೇಗೆ ಕೆಟ್ಟಿತು? ಉಸುಕಿನಿಂದ. ಮರುವರ್ಷದ ಬೇಸಿಗೆಯಲ್ಲಿ ಹಳೆಯ ಬೆಡ್ ಒಡೆದಾಗ ಕೆಳಗೆ ಮಣ್ಣು ಕುಗ್ಗಿ ಉಂಟಾದ ಪೊಳ್ಳಿನಲ್ಲಿ ಎರಡು ಚೇಳುಗಳಿದ್ದವು. ಮಗಳು ಅದರ ಅಂಚಿನಲ್ಲಿ ಕೂತು ಕಾಲು ಆಡಿಸುತ್ತಿದ್ದದ್ದು ನೆನಪಾಗಿ ಕೈ ತಣ್ಣಗಾಯಿತು. ಬೇಗ ಮುಗಿಸುವ ಆತುರದಲ್ಲಿ ಒಂದೂವರೆ ಅಡಿ ಅಗೆಸಿ ಉಸುಕು ತುಂಬಿಸಿದೆ. ಉಸುಕು ಉಬ್ಬುವುದಿಲ್ಲ ಎಂಬ ನನ್ನ ತರ್ಕ ಸರಿಯೇ ಇತ್ತು. ಆದರೆ ಉಸುಕು ನೀರನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಸುತ್ತಲಿನ ಎರೆ ಅದನ್ನು ಹೊರಗೆ ಬಿಡುವುದಿಲ್ಲ. ಹಿತ್ತಲಿನಲ್ಲಿ ನಾನು ಮುಚ್ಚಳವಿರುವ ನೀರಿನ ತೊಟ್ಟಿ ಕಟ್ಟಿಸಿದ್ದೆ. ಮಳೆ ನಿಂತು ವಾರವಾದರೂ ತಳದ ಮಣ್ಣು ನೀರು ಕುಡಿಯುತ್ತಲೇ ಇತ್ತು. ಈ ಸಲ ಮೂಲೆಯೇ ಒಡೆದು ಬೇರೆಯಾಯಿತು. ಮಣ್ಣಿಗೆ ತಾಗಿದ್ದ ಪ್ಲೈವುಡ್ಡಿನ ಕೆಳಗಿನ ಗೇಣುದ್ದ ಗೆದ್ದಲು ತಿಂದಿತ್ತು. ಔಷಧಿ ಹೊಡೆಯೋಣ ಎಂದವರಿಗೆ ಬೇಡವೆಂದೆ. ಮಕ್ಕಳು ಅದೇ ಮಣ್ಣಿನಲ್ಲಿ ರೊಟ್ಟಿ ತಟ್ಟುತ್ತಾರೆ.

ಈ ಬೇಸಿಗೆಯಲ್ಲಿ ಮೂರನೆಯ ಸಲ ಮಾಡಿದ್ದನ್ನು ಹೇಳುತ್ತೇನೆ. ಮೊದಲು ಒಗೆಯುವ ಕಲ್ಲಿನ ನೀರಿಗೆ ಪೈಪು ಹಾಕಿ ಬೀದಿಯ ಗಟಾರಕ್ಕೆ ಬಿಟ್ಟೆವು. ಇದೊಂದನ್ನು ಮೊದಲ ವರ್ಷವೇ ಮಾಡಿದ್ದರೆ ಅರ್ಧ ಸಮಸ್ಯೆ ಇರುತ್ತಿರಲಿಲ್ಲ. ತಳಕ್ಕಿಂತ ಸುತ್ತಲೂ ಒಂದು ಅಡಿ ಹೆಚ್ಚು ಅಗಲವಾಗಿ, 3 ಅಡಿ ಆಳಕ್ಕೆ ಎರೆ ತೆಗೆಸಿದೆವು. ಸುಮಾರು 3 ಬ್ರಾಸ್ ಗರಸು ಬೇಕಾಯಿತು (ಒಂದು ಬ್ರಾಸ್ ಎಂದರೆ ನೂರು ಘನ ಅಡಿ). ಸ್ವಲ್ಪ ಜಿಗುಟಿರುವ, ಆದರೆ ಉಬ್ಬದ ಕೆಂಪು ಗರಸನ್ನೇ ಆರಿಸಿಕೊಳ್ಳಬೇಕು. ಬರೀ ಕಲ್ಲುಪುಡಿಯಂಥದ್ದು ಉಸುಕಿನ ಅಣ್ಣ. 6 ಇಂಚಿಗೊಂದು ಪದರ ಹಾಕಿ, ಹದವಾಗಿ ನೀರು ಕೊಟ್ಟು, ಧಮ್ಮಸ್ಸು ಹೊಡೆದು ಮುಂದಿನ ಪದರ. ಆಳುಗಳು ಒಂದೇ ಸಲ ಸುರಿದು ಮುಗಿಸಲು ನೋಡುತ್ತಾರೆ, ಪಕ್ಕದಲ್ಲೇ ನಿಲ್ಲಿ. ಮೇಲೆ ಕಬ್ಬಿಣದ ಜಾಳಿಗೆ ಇಟ್ಟು 4 ಇಂಚು ಕಾಂಕ್ರೀಟ್, ಸುತ್ತಲೂ ಎರಡೂವರೆ ಅಡಿ ಅಗಲಕ್ಕೆ ಫರಸಿ ಎಂಬ ಹಾಸುಗಲ್ಲು, ಮಳೆನೀರು ಹೊರಕ್ಕೆ ಹರಿಯುವಂತೆ ಇಳಿಜಾರು.

ಕಂಬಗಳನ್ನು ಈ ಸಲ ಹುಗಿದಿಲ್ಲ. ಆರು ಕಲ್ಲುಗಳ ಮೇಲೆ ಚೌಕಟ್ಟು ಕೂತಿದೆ. ಒಂದು ಮೂಲೆ ಎದ್ದರೆ ಬೋಲ್ಟ್ ಸಡಿಲಿಸಿ ಅಡಿಯ ತಗಡಿನ ತುಂಡು ಎಳೆದು ಸರಿಮಾಡಬಹುದು. ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ. ಇದರಿಂದ ಅಲುಗಾಟ ಪೂರ್ತಿ ನಿಲ್ಲುವುದಿಲ್ಲ ಎಂದು ಪರಿಚಯದ ಎಂಜಿನಿಯರ್ ಒಬ್ಬರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಪೂರ್ತಿ ನಿಲ್ಲಬೇಕಾದರೆ ಹತ್ತು ಹನ್ನೆರಡು ಅಡಿ ಆಳದ, ಬುಡದಲ್ಲಿ ಗಡಿಗೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬಗಳು ಬೇಕು. ಗೊಂಬೆಮನೆಗೆ ಅದು ಬೇಡ ಎಂದು ಈಗ ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಗೌಂಡಿಯವರನ್ನು ಬೈಯಲು ನನಗೆ ಬಾಯಿಲ್ಲ. ಅವರು ಮೊದಲ ದಿನವೇ ಕೇಳಿದ್ದರು.

ಬಾಗಿಲು ಇನ್ನೂ ಕೂರಿಸಿಲ್ಲ. ಹಸ್ತ ಮಳೆ ಮುಗಿಯಲಿ, ಮಟ್ಟ ಎಷ್ಟು ಬದಲಾಗುತ್ತದೆ ನೋಡೋಣ ಎಂದು ಕಾಯುತ್ತಿದ್ದೇನೆ. ಕೂರಿಸಿದರೂ ಅದು ಹೊರಕ್ಕೆ ತೆರೆಯುವ ಬಾಗಿಲು, ಎತ್ತರ ಅರ್ಧಕ್ಕೆ ಮಾತ್ರ, ಚಿಲಕವಿಲ್ಲ. ಕಿಟಕಿಯ ಅಡ್ಡಪಟ್ಟಿ ಕಿತ್ತಾಯಿತು. ಮಗಳು ಸದ್ಯಕ್ಕೆ ನನ್ನ ಹಳೆಯ ಇಳಕಲ್ ಸೀರೆಯನ್ನು ಪರದೆಯಾಗಿ ಕಟ್ಟಿಕೊಂಡಿದ್ದಾಳೆ. ಪಕ್ಕದ ಮನೆಯ ಹುಡುಗಿ ಮೊನ್ನೆ ಮೊದಲ ಸಲ ಮತ್ತೆ ಆಡಲು ಬಂದಿದ್ದಳು. ಒಳಗೆ ಹೋಗುವ ಮೊದಲು ಪರದೆಯನ್ನು ಪೂರ್ತಿ ಸರಿಸಿ, ಮೊಳೆಗೆ ಸಿಕ್ಕಿಸಿಟ್ಟು ಹೋದಳು.