ವ್ಯಾಕ್ಸ್, ಸೀಲಂಟ್, ಸೆರಾಮಿಕ್: ಉಪ್ಪುಗಾಳಿಗೆ ತಡೆದದ್ದು ಯಾವುದು

ದೋಣಿಯ ಮೈಯನ್ನು ಉಪ್ಪು, ಬಿಸಿಲಿನಿಂದ ಕಾಯಲು ಹಚ್ಚುವ ಮೂರು ಬಗೆಯ ಲೇಪಗಳ ಮಾತು ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಪಾಲಿಮರ್ ಸೀಲಂಟ್‌ಗೆ, ಅಂದರೆ ಕೈಯಲ್ಲೇ ಹಚ್ಚಬಹುದಾದ ಕೃತಕ ಲೇಪಕ್ಕೆ. ಒಣಗಿ ಗಾಜಿನಂತೆ ಗಟ್ಟಿಯಾಗುವ ಸೆರಾಮಿಕ್ ಕೋಟಿಂಗ್‌ಗೆ ದುಡ್ಡು ಸುರಿದ ಮೇಲೂ ಇದೇ ಮಾತು. ಸುರಿದದ್ದರಿಂದಲೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ನಾವು ಮೂವರು ಗೆಳೆಯರು ಸೇರಿ ಒಂದು ಸೆಕೆಂಡ್ ಹ್ಯಾಂಡ್ ಫೈಬರ್ ಹಾಯಿದೋಣಿ ಇಟ್ಟುಕೊಂಡಿದ್ದೇವೆ. ಹದಿನಾರು ಅಡಿ. ಅದನ್ನು ಯಾಟ್ ಅಂತ ಕರೆದರೆ ಮಂಗಳೂರಿನವರು ನಗುತ್ತಾರೆ, ಆದರೆ ಜೆಲ್‌ಕೋಟ್ (ಫೈಬರ್ ಮೇಲಿನ ಹೊಳಪಿನ ಹೊರಪದರ), ಸ್ಟೀಲು, ಉಪ್ಪಿನ ಕಾಟ ಎಲ್ಲ ದೊಡ್ಡ ಯಾಟ್‌ಗೂ ಇದಕ್ಕೂ ಒಂದೇ. ನಾವಿರುವುದು ಬೆಂಗಳೂರಿನಲ್ಲಿ. ದೋಣಿ ಇರುವುದು 350 ಕಿಲೋಮೀಟರ್ ಆಚೆ, ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸಮುದ್ರ ಸೇರುವ ಅಳಿವೆಯ ಹತ್ತಿರ, ದಡದ ಮೇಲೆ, ಟ್ರೈಲರ್ ಮೇಲೆ. ಅಲ್ಲೇ ಮನೆ ಇದ್ದವರು ದಿನಾ ಸಂಜೆ ನಾಲ್ಕು ಬಕೆಟ್ ನೀರು ಹೊಡೆದು ಮಲಗಬಹುದು. ನಮಗೆ ರಜ ಸಿಕ್ಕಾಗ ಮಾತ್ರ ದರ್ಶನ. ಹಾಗಾಗಿ ಯಾವುದು ಜಾಸ್ತಿ ಹೊಳೆಯುತ್ತದೆ ಅನ್ನುವುದು ನನಗೆ ಮುಖ್ಯವಲ್ಲ. ವಾರಗಟ್ಟಲೆ ಯಾರೂ ಮುಟ್ಟದೆ ಬಿಟ್ಟರೂ ಯಾವುದು ತಡೆಯುತ್ತದೆ, ಕೆಟ್ಟರೆ ನಾನೇ ಸರಿ ಮಾಡಬಹುದಾ, ಅಷ್ಟೇ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಮಳೆಗಾಲದ ಕಡಲಿಗೆ ನಮ್ಮಂಥವರು ಇಳಿಯುವ ಮಾತೇ ಇಲ್ಲ. ಮೇ ಕೊನೆಗೆ ಶಿರಾಡಿ ಘಾಟಿ ಹತ್ತಿಸಿ ದೋಣಿಯನ್ನು ನೆಲಮಂಗಲದ ಹತ್ತಿರ ಗೆಳೆಯನ ಗೋಡೌನ್‌ಗೆ ತರುತ್ತೇವೆ. ಹಚ್ಚುವುದು ತಿಕ್ಕುವುದು ಎಲ್ಲ ಅಲ್ಲೇ. ಹೋದ ಸಲ ಮೂವರಿಗೂ ಒಮ್ಮತ ಬರಲಿಲ್ಲ, ಸರಿ, ದೋಣಿಯನ್ನೇ ಪಾಲು ಮಾಡಿದೆವು. ಬಲಗಡೆ ಸೆರಾಮಿಕ್, ಎಡಗಡೆ ಸೀಲಂಟ್, ಹಿಂಭಾಗದ ಹಲಗೆಗೆ ಕಾರ್ನೌಬಾ ವ್ಯಾಕ್ಸ್. ದಡದಲ್ಲಿ ನಮ್ಮ ದೋಣಿಯ ಮೂತಿ ಉತ್ತರಕ್ಕೆ ಇರುತ್ತದೆ. ಅಂದರೆ ಎಡಗಡೆಗೆ ಮಧ್ಯಾಹ್ನದ ಬಿಸಿಲೂ ಬೀಳುತ್ತದೆ, ಕಡಲಗಾಳಿಯೂ ನೇರ ಹೊಡೆಯುತ್ತದೆ. ಕಷ್ಟದ ಕಡೆ ಸಿಕ್ಕಿದ್ದು ಸೀಲಂಟ್‌ಗೆ. ಇದು ನೆನಪಿರಲಿ.

ವ್ಯಾಕ್ಸ್ ವಿಷಯ ಬೇಗ ಮುಗಿಸುತ್ತೇನೆ. ಬ್ರೆಜಿಲ್‌ನ ಒಂದು ತಾಳೆಮರದ ಎಲೆಯಿಂದ ತೆಗೆಯುವ ಮೇಣ ಅದು. ಬಿಸಿಲಿಗೆ ಕರಗಿ ಹೋಗುತ್ತದೆ ಅಂತ ಹೇಳುವವರಿದ್ದಾರೆ, ಆದರೆ ಅದು ಕರಗಬೇಕಾದರೆ 80 ಡಿಗ್ರಿ ದಾಟಬೇಕು, ಬಿಳಿ ದೋಣಿ ಅಷ್ಟು ಕಾಯುವುದಿಲ್ಲ. ಅದನ್ನು ತೆಗೆಯುವುದು ಸೋಪು, ಉಪ್ಪುನೀರು, ಬಿಸಿಲಿನ ಯುವಿ ಕಿರಣ. ಹಚ್ಚಿದ ದಿನ ನೋಡಿದರೆ ಮೂರೂ ಲೇಪಗಳಲ್ಲಿ ಇದೇ ಚೆಂದ, ಮುಖ ನೋಡಿಕೊಳ್ಳಬಹುದು. ದಸರಾ ಹೊತ್ತಿಗೆ ಹಿಂಭಾಗದಲ್ಲಿ ವ್ಯಾಕ್ಸ್ ಇತ್ತು ಅನ್ನುವ ಗುರುತೂ ಇರಲಿಲ್ಲ. ಅಲ್ಲೇ ಮತ್ತೆ ಹಚ್ಚಲು ಹೋದರೆ ಆ ತೇವದ ಗಾಳಿಯಲ್ಲಿ ಒಣಗುವುದೇ ಇಲ್ಲ, ಬಟ್ಟೆಗೆ ಜಿಗುಟಾಗಿ ಅಂಟುತ್ತದೆ. ತಿಂಗಳಿಗೊಮ್ಮೆ ತಿಕ್ಕಲು ತೋಳಿನಲ್ಲಿ ಕಸುವಿರುವವರಿಗೆ ಸರಿ.

ಇನ್ನು ಸೆರಾಮಿಕ್. ಹಚ್ಚಿದವರ ಕೆಲಸದ ಬಗ್ಗೆ ತಕರಾರಿಲ್ಲ. ಕಾರುಗಳಿಗೆ ಪಾಲಿಶ್, ಕೋಟಿಂಗ್ ಮಾಡುವ ಒಂದು ಡೀಟೇಲಿಂಗ್ ಅಂಗಡಿಯ ಹುಡುಗರು ಬಂದರು. ಮೊದಲು ಪಾಲಿಶ್ ಹೊಡೆದು, ಆಲ್ಕೋಹಾಲ್‌ನಲ್ಲಿ ಒರೆಸಿ, ಎರಡು ಅಡಿ ಎರಡು ಅಡಿ ಜಾಗ ಮಾಡಿಕೊಂಡು ಹಚ್ಚಿ, ಕಾಮನಬಿಲ್ಲಿನ ಬಣ್ಣ ಏಳುತ್ತಿದ್ದಂತೆ ಬೇರೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ನೀರು ತಾಗಿಸಬೇಡಿ ಅಂತ ಹೇಳಿ ಹೋದರು. ಬೆಂಗಳೂರಿನ ಹವೆಗೆ ಎಲ್ಲ ಸಲೀಸು. ತೊಂದರೆ ಶುರುವಾದದ್ದು ನೀರಿನಿಂದ.

ತಾವರೆ ಎಲೆಯ ಮೇಲಿನ ಹನಿಯ ಹಾಗೆ ನೀರು ಉರುಳಿ ಹೋಗುತ್ತದೆ ಅಂತ ವಿಡಿಯೋದಲ್ಲಿ ತೋರಿಸುತ್ತಾರಲ್ಲ, ಸುಳ್ಳಲ್ಲ, ಉರುಳುತ್ತದೆ. ಆದರೆ ಇಳಿಜಾರು ಇದ್ದರೆ ಮಾತ್ರ. ದೋಣಿಯ ಡೆಕ್ಕು ಚಪ್ಪಟೆ. ಅಲ್ಲಿ ಎಲ್ಲಿಗೆ ಉರುಳಬೇಕು? ಹಗಲು ಗಾಳಿ ಉಪ್ಪು ತಂದು ಕೂರಿಸುತ್ತದೆ. ಗಾಳಿಯಲ್ಲಿ ತೇವ 75 ಪರ್ಸೆಂಟ್ ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ, ಕರಾವಳಿಯ ರಾತ್ರಿಗೆ ಅದೇನು ದೊಡ್ಡ ಲೆಕ್ಕ ಅಲ್ಲ. ಮೇಲೆ ಇಬ್ಬನಿ ಬೇರೆ. ಬೆಳಗಾಗುವಾಗ ಡೆಕ್ಕಿನ ತುಂಬ ದುಂಡು ದುಂಡು ಹನಿ, ಪ್ರತಿ ಹನಿಯಲ್ಲೂ ಉಪ್ಪು. ಬಿಸಿಲು ಏರಿದಂತೆ ಹನಿ ಚಿಕ್ಕದಾಗುತ್ತದೆ, ಉಪ್ಪು ಅಂಚಿಗೆ ಸೇರುತ್ತದೆ, ಕೊನೆಗೆ ಉಳಿಯುವುದು ಬಿಳಿ ಬಳೆ. ಬಿಳಿ ಜಾಗದಲ್ಲಿ ಕಾಣುವುದಿಲ್ಲ. ನಮ್ಮ ದೋಣಿಯ ಅಂಚಿಗೆ ಒಂದು ಕಡುನೀಲಿ ಪಟ್ಟಿ ಇದೆ, ಅದರ ಮೇಲೆ ನೋಡಬೇಕು, ಮೈತುಂಬ ಬಳೆ. ಒಣ ಬಟ್ಟೆಯಲ್ಲಿ ಒರೆಸುವ ಹಾಗೂ ಇಲ್ಲ, ಉಪ್ಪಿನ ಹರಳು ಗೀರು ಹಾಕುತ್ತದೆ.

ಉಪ್ಪಿನ ಬಳೆಯಾದರೂ ಸಿಹಿನೀರಿಗೆ ಹೋಗುತ್ತದೆ. ಆದರೆ ಸಿಹಿನೀರು ಎಲ್ಲಿದೆ ಹೇಳಿ? ಏಪ್ರಿಲ್, ಮೇ ಬಂದರೆ ಅಳಿವೆ ಹತ್ತಿರದ ಬಾವಿಗಳಿಗೇ ಉಪ್ಪುನೀರು ನುಗ್ಗುತ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪು ತೆಗೆದು ಉಪ್ಪು ಹಚ್ಚಿದ ಹಾಗೆ. ಇತ್ತ ಬೆಂಗಳೂರಿನಲ್ಲಿ ಕಾವೇರಿ ನೀರು ಬಳಸೋಣ ಅಂದರೆ ಅದಕ್ಕೂ ಮನಸ್ಸು ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂದದ್ದು ನೆನಪಿದೆ ಅಲ್ವಾ? ಗೋಡೌನ್‌ನಲ್ಲಿ ಇರುವುದು ಬೋರ್‌ವೆಲ್. ಆ ಗಡಸು ನೀರು ಒಣಗಿದರೆ ಉಳಿಯುವುದು ಸುಣ್ಣದ ಬಳೆ, ಅದು ನೀರಿಗೆ ಜಗ್ಗುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಒಂದು ನಿಮಿಷ ಇಟ್ಟು ಒರೆಸಿದರೆ ಬಹಳಷ್ಟು ಹೋಯಿತು. ಒಂದಿಷ್ಟು ಬಳೆ ಕೋಟಿಂಗ್ ಒಳಗೇ ಇಳಿದು ಕೂತುಬಿಟ್ಟಿವೆ.

ಅಂಗಡಿಯವರಿಗೆ ಫೋನ್ ಮಾಡಿದೆ. "ಸರ್, ಆ ಜಾಗ ಕಾಂಪೌಂಡ್ ಪೇಸ್ಟ್ ಹಾಕಿ ಮೆಷಿನ್‌ನಲ್ಲಿ ತಿಕ್ಕಬೇಕು." ಸರಿ, ತಿಕ್ಕಿದರೆ ಕೋಟಿಂಗ್? "ಅದೂ ಹೋಗುತ್ತೆ ಸರ್, ಮತ್ತೆ ಹಾಕಬೇಕು." ವರ್ಷಗಟ್ಟಲೆ ಬಾಳುತ್ತದೆ ಅಂತ ತಾನೇ ಅಷ್ಟು ದುಡ್ಡು ಕೊಟ್ಟದ್ದು! ಬಾಳುತ್ತದೆ ನಿಜ, ಕಲೆಯ ಸಮೇತ ಬಾಳುತ್ತದೆ.

ಸೀಲಂಟ್ ಕಡೆಗೂ ಬಳೆ ಬಂತು, ಸುಳ್ಳು ಹೇಳುವುದಿಲ್ಲ. ವ್ಯತ್ಯಾಸ ಏನೆಂದರೆ, ಅದೇ ವಿನೆಗರ್ ನೀರಿನಲ್ಲಿ ಒರೆಸಿದೆ, ತೊಳೆದೆ, ಒಣಗಿಸಿದೆ, ಆ ಜಾಗಕ್ಕೆ ಮಾತ್ರ ಇನ್ನೊಂದು ಕೈ ಸೀಲಂಟ್ ಹಚ್ಚಿದೆ. ಹಳೆಯದಕ್ಕೂ ಹೊಸದಕ್ಕೂ ಗಡಿ ಕಾಣಲಿಲ್ಲ. ಮೆಷಿನ್ ಬೇಡ, ಹುಡುಗರು ಬೇಡ. ಹೊಳಪು ವ್ಯಾಕ್ಸ್‌ನಷ್ಟು ಇಲ್ಲ, ಸ್ವಲ್ಪ ಪ್ಲಾಸ್ಟಿಕ್ ಹೊಳಪು. ಸಂಕ್ರಾಂತಿ ಹೊತ್ತಿಗೂ ಕೈಯಾಡಿಸಿದರೆ ನುಣುಪಾಗಿತ್ತು, ಆಮೇಲೆ ಒಂದು ಸಲ ಪೂರ್ತಿ ಹಚ್ಚಿದೆ. ಮೇ ತಿಂಗಳಲ್ಲಿ ಕಪ್ಪು ಬಟ್ಟೆಯಿಂದ ಒರೆಸಿ ನೋಡಿದರೆ ಎಡಗಡೆ ಏನೂ ಬರಲಿಲ್ಲ. ಹಿಂಭಾಗದಲ್ಲಿ ಬಟ್ಟೆಗೆ ಬಿಳಿ ಪುಡಿ. ಅದು ಜೆಲ್‌ಕೋಟ್ ಬಿಸಿಲಿಗೆ ಸತ್ತು ಉದುರುತ್ತಿರುವುದು. ಬಲಗಡೆಯೂ ಪುಡಿ ಇಲ್ಲ, ಆ ಮಟ್ಟಿಗೆ ಸೆರಾಮಿಕ್‌ಗೆ ಪೂರ್ತಿ ಅಂಕ. ಆದರೆ ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಸೀಲಂಟ್ ಬಾಟಲಿ ಒಂದು ಡಜನ್ ಬರುತ್ತಿತ್ತು.

ದಡದಲ್ಲಿ ನಮ್ಮ ದೋಣಿ ನೋಡಿಕೊಳ್ಳುವ ಅಣ್ಣ ಒಬ್ಬರಿದ್ದಾರೆ, ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಬೆಳೆದವರು. ನಮ್ಮ ಈ ಮೂರು ಬಾಟಲಿ ಜಗಳ ಕೇಳಿ, "ಎಂತ ಹಚ್ಚಿದ್ರೂ ನೀರು ಹಾಕದಿದ್ರೆ ಉಪ್ಪು ಬಿಡ್ತದಾ ಮಾರಾಯ್ರೆ?" ಅಂದರು. ಈಗ ಹೊರಡುವ ದಿನ ಬಾವಿ ನೀರಿನಲ್ಲಿ ತೊಳೆದು, ಕೊನೆಗೆ ಅಂಗಡಿಯ 20 ಲೀಟರ್ ಕ್ಯಾನಿನ ಆರ್‌ಓ ನೀರನ್ನು ಸ್ಪ್ರೇಯರ್‌ಗೆ ತುಂಬಿ ಹೊಡೆಯುತ್ತೇವೆ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒಣಗಿಸುತ್ತೇವೆ. ಬಳೆ ಅರ್ಧಕ್ಕರ್ಧ ಕಮ್ಮಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಹಚ್ಚಿದ್ದನ್ನೆಲ್ಲ ಎತ್ತಿಬಿಡುತ್ತದೆ.

ಸ್ಟೀಲ್ ಬಗ್ಗೆ ಎರಡು ಮಾತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸ್ಟೇನ್‌ಲೆಸ್ ಬೋಲ್ಟ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು 304 ಅನ್ನುವ ದರ್ಜೆಯದು. ಕಡಲ ಹತ್ತಿರ ಅದರ ಮೇಲೆ ಟೀ ಚೆಲ್ಲಿದಂಥ ಕಂದು ಕಲೆ ಏಳುತ್ತದೆ. 316 ಅಂತ ಗಟ್ಟಿಯಾಗಿ ಕೇಳಿ, ಅದರಲ್ಲಿ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಮ್ ಇರುತ್ತದೆ, ತಡೆಯುವುದು ಅದೇ. ಅಯಸ್ಕಾಂತ ಇಟ್ಟು ನೋಡಿದರೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಎದ್ದ ಕಲೆಗೆ ಗ್ಲೌಸ್ ಹಾಕಿಕೊಂಡು ಆಕ್ಸಾಲಿಕ್ ಆಸಿಡ್ ನೀರು. ಟಾಯ್ಲೆಟ್ ಕ್ಲೀನರ್ ಮಾತ್ರ ಹತ್ತಿರ ತರಬೇಡಿ, ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಸ್ಟೀಲಿನಲ್ಲಿ ಗುಳಿ ತೋಡುತ್ತದೆ.

ಅಕ್ರಿಲಿಕ್ ಕಿಟಕಿಗೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ, ಸಣ್ಣ ಬಿರುಕು ಬಿಡುತ್ತದೆ. ನೀಲಿ ಟಾರ್ಪಾಲೂ ಬೇಡ, ಗಾಳಿಗೆ ಪಟಪಟ ಬಡಿದು ಮರಳುಕಾಗದದ ಕೆಲಸ ಮಾಡುತ್ತದೆ. ದಪ್ಪ ಕ್ಯಾನ್ವಾಸ್ ಹೊದಿಕೆ ಹೊಲಿಸಿ, ಬಿಗಿಯಾಗಿ ಕಟ್ಟಿ.

ದೋಣಿ ಪೂರ್ತಿ ನೆರಳಲ್ಲಿ ನಿಲ್ಲುತ್ತದೆ, ದಿನಾ ಒಳ್ಳೆಯ ನೀರಲ್ಲಿ ತೊಳೆದು ಒರೆಸಲು ಆಳಿದ್ದಾನೆ ಅಂದರೆ ಸೆರಾಮಿಕ್ ಹಾಕಿಸಿಕೊಳ್ಳಿ, ಚೆನ್ನಾಗಿರುತ್ತದೆ. ನಮ್ಮಂತೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಭಾನುವಾರ ರಾತ್ರಿ ವಾಪಸ್ ಬರುವವರಿಗೆ ಸೀಲಂಟ್ ಸಾಕು. ಸೆರಾಮಿಕ್ ಹಾಕಿಸಿದ ಗೆಳೆಯ ಇನ್ನೂ ಸೋತಿಲ್ಲ, ಈ ಸಲ ಬೇರೆ ಕಂಪನಿಯದು ತರಿಸುತ್ತಾನಂತೆ. ತರಿಸಲಿ, ಬಲಗಡೆ ಅವನದೇ. ಬಿಲ್ಲು ಮಾತ್ರ ಮೂರು ಪಾಲು ಮಾಡಲು ನಾನು ಒಪ್ಪಿಲ್ಲ.