ನಮ್ಮೂರ ಅರಿವು ಕೇಂದ್ರ: ಪುಸ್ತಕಕ್ಕಿಂತ ಅರ್ಜಿ ಕೆಲಸವೇ ಜಾಸ್ತಿ

ಹೊಸನಗರ ಕಡೆಯ ನಮ್ಮ ಪಂಚಾಯ್ತಿ ಲೈಬ್ರರಿಗೆ ಈಗ ‘ಅರಿವು ಕೇಂದ್ರ’ ಅಂತ ಬೋರ್ಡು. ಡಿಗ್ರಿ ಮುಗಿಸಿ ಮನೆಯಲ್ಲಿರುವ ತಂಗಿಯ ಯುವನಿಧಿ ಅರ್ಜಿಗೆ ಹೋಗಿದ್ದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲೇ ಚಾಲನೆ ಸಿಕ್ಕ ಯೋಜನೆ ಅದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಕೆಲಸ ಸಿಗುವವರೆಗೆ, ಹೆಚ್ಚೆಂದರೆ ಎರಡು ವರ್ಷ.

ಅಲ್ಲಿನ ಮೇಲ್ವಿಚಾರಕಿ ಅಕ್ಕ ಸರ್ಕಾರದ ಆನ್‌ಲೈನ್ ಅರ್ಜಿ ತಾಣ ಸೇವಾ ಸಿಂಧುವಿನಲ್ಲಿ ತಾವೇ ಕೂತು ಎಲ್ಲ ತುಂಬಿಸಿದರು. ಒಂದು ಪೈಸೆ ಕೇಳಲಿಲ್ಲ. ‘ದುಡ್ಡು ಬರತ್ತೆ ಅಂತ ಸುಮ್ನೆ ಕೂರಬೇಡ ಮಾರಾಯ್ತಿ, ಏನಾದ್ರೂ ಕಲಿ’ ಎಂದು ತಂಗಿಗೆ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ತರಬೇತಿಯ ವಿಷಯವನ್ನೂ ತಿಳಿಸಿದರು. ಹೊಲಿಗೆ, ಮೊಬೈಲ್ ರಿಪೇರಿ ಥರದ್ದು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ತಂಗಿ ಹೊಲಿಗೆಗೆ ಹೆಸರು ಕೊಟ್ಟಿದ್ದಾಳೆ.

ಬೇಜಾರಿನ ಸಂಗತಿ ಕರೆಂಟು. ಮಳೆಗಾಲದಲ್ಲಿ ಅದು ಹೋದರೆ ನೆಟ್ಟೂ ಹೋಗುತ್ತದೆ. ಯುಪಿಎಸ್ ಇದೆ, ಬ್ಯಾಟರಿ ಸತ್ತಿದೆ! ಎಫ್‌ಡಿಎ (ಸರ್ಕಾರಿ ಪ್ರಥಮ ದರ್ಜೆ ಸಹಾಯಕ ಹುದ್ದೆ) ಪರೀಕ್ಷೆಯ ಪುಸ್ತಕಗಳೂ ಹಳೆಯವು. ಇನ್ನು ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಶಕ್ತಿ ಯೋಜನೆಯ ಫ್ರೀ ಟಿಕೆಟ್ ಅಲ್ಲಿ ನಡೆಯುವುದಿಲ್ಲ, ಶಿವಮೊಗ್ಗಕ್ಕೆ ಹೋಗಿಬರಲು ಹುಡುಗಿಯರ ಕೈಯಿಂದಲೇ ದುಡ್ಡು. ಇದು ಲೈಬ್ರರಿಯ ತಪ್ಪಲ್ಲ ಬಿಡಿ.

ಹೋಗುವವರು ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಹಿಡಿದುಕೊಂಡು ಬೆಳಿಗ್ಗೆಯೇ ಹೋಗಿ.