ಲೀಚೆಸ್ ಆಡುತ್ತಾ ಕೆಲವು ವರ್ಷ: ಆ್ಯಪ್‌ಗೆ 5 ಸ್ಟಾರ್, ರೇಟಿಂಗ್ ತೋರಿಸುವ ರೀತಿಗೆ 3

ಲೀಚೆಸ್ ಆನ್‌ಲೈನ್ ಚೆಸ್ ಆಡಲು ಒಳ್ಳೆಯ ಆ್ಯಪ್ ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. 2010ರಲ್ಲಿ ಶುರುವಾಗಿದ್ದು, ಇವತ್ತಿಗೂ ಫ್ರೀ. ಜಾಹೀರಾತು ಇಲ್ಲ, ಜನ ಕೊಡುವ ದೇಣಿಗೆಯಲ್ಲೇ ನಡೆಯುತ್ತದೆ. ನಾನು ಹೇಳಬೇಕಾಗಿರುವುದು ಅದರ ರೇಟಿಂಗ್ ಬಗ್ಗೆ, ಅಂದರೆ ನೀವು ಎಷ್ಟು ಚೆನ್ನಾಗಿ ಆಡುತ್ತೀರಿ ಅಂತ ತೋರಿಸುವ ನಂಬರ್ ಬಗ್ಗೆ. ಜನ ಆಟ ಬಿಡದೆ ಆಡುವುದೂ ಅದರಿಂದಲೇ, ಆಟ ಬಿಟ್ಟು ಹೋಗುವುದೂ ಅದರಿಂದಲೇ.

ನಾವಿರುವುದು ಧಾರವಾಡದ ಸಪ್ತಾಪುರದಲ್ಲಿ. ಸುತ್ತಲೂ ಪರೀಕ್ಷೆಗೆ ಓದುವ ಹುಡುಗರ ರೂಮುಗಳು. ರಾತ್ರಿ ಊಟ ಆದ ಮೇಲೆ ಕೆಲವರು ಬಿಜಿಎಂಐ (ಮೊಬೈಲಿನಲ್ಲಿ ಗುಂಡು ಹಾರಿಸಿ ಆಡುವ ಆಟ), ಕೆಲವರು ಚೆಸ್. ಬಿಜಿಎಂಐನಲ್ಲಿ ಬ್ರಾಂಜ್‌ನಿಂದ ಏಸ್, ಕಾಂಕರರ್‌ವರೆಗೆ ಮೆಟ್ಟಿಲು ಇವೆ, ಸೀಸನ್ ಮುಗಿದರೆ ಟಿಯರ್ ಕೆಳಗೆ ಇಳಿಯುತ್ತದೆ, ಮತ್ತೆ ರ‍್ಯಾಂಕ್ ಪುಶ್, ಅಂದರೆ ಮೇಲೆ ಹತ್ತುವ ಓಟ, ಶುರು. ಅಲ್ಲಿ ಕೊಲ್ಲದಿದ್ದರೂ ಜಾಸ್ತಿ ಹೊತ್ತು ಉಳಿದರೆ ಪ್ಲಸ್ ಸಿಗುತ್ತದೆ. ಹಾಗಾಗಿ ಪುಶ್ ಮಾಡುವವರು ಮನೆಯೊಳಗೆ ಅಡಗಿ ಕೂರುತ್ತಾರೆ. ಯಾವುದಕ್ಕೆ ಪಾಯಿಂಟ್ ಕೊಡುತ್ತಾರೋ ಜನ ಅದನ್ನೇ ಆಡುತ್ತಾರೆ, ಅಲ್ವಾ?

ಚೆಸ್‌ನಲ್ಲಿ ಆ ಮರೆ ಇಲ್ಲ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಲೀಚೆಸ್ ಬಳಸುವುದು ಗ್ಲಿಕೋ-2 ಅನ್ನುವ ರೇಟಿಂಗ್ ಲೆಕ್ಕ. ಹೊಸಬರೆಲ್ಲ 1500ರಿಂದ ಶುರು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ನಿಮ್ಮ ಮಟ್ಟ ಇನ್ನೂ ಗೊತ್ತಿಲ್ಲ ಅಂತ ಅರ್ಥ, ಅದಕ್ಕೇ ಮೊದಲ ಆಟಗಳಲ್ಲಿ ಪಾಯಿಂಟ್ ದಬದಬ ಏರಿಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕುದುರೆ ಹೇಗೆ ನಡೆಯುತ್ತದೆ ಅಂತ ನಿನ್ನೆಯಷ್ಟೇ ಕಲಿತ ಹುಡುಗನಿಗೆ ಆ್ಯಪ್ ಮೊದಲು ತೋರಿಸುವುದು ಏನು? 1500ರಿಂದ 1100ಕ್ಕೆ ಬೀಳುವುದನ್ನು. ನಮ್ಮ ರೂಮಿಗೆ ಬಂದು ಹೋಗುವ ಹುಡುಗರಲ್ಲಿ ಚೆಸ್ ಬಿಟ್ಟವರು ಜಾಸ್ತಿ ಜನ ಇಲ್ಲೇ ಬಿಟ್ಟರು. ಕೆಳಗಿನಿಂದ ಹತ್ತಿಸಿದ್ದರೆ ಅವರಲ್ಲಿ ಕೆಲವರಾದರೂ ಉಳಿಯುತ್ತಿದ್ದರು ಅಂತ ನನ್ನ ನಂಬಿಕೆ.

ಉಳಿದವರಿಗೆ ಬೇರೆ ಕಷ್ಟ. ರೇಟಿಂಗ್ ನಿಮಗೆ ಸರಿಸಮ ಎದುರಾಳಿಯನ್ನೇ ಹುಡುಕಿ ಕೊಡುತ್ತದೆ. 200 ಪಾಯಿಂಟ್ ಮುಂದಿರುವವನು ನೂರು ಆಟದಲ್ಲಿ (ಗೆಲುವಿಗೆ 1, ಡ್ರಾಗೆ ಅರ್ಧ) ಸುಮಾರು 76 ಅಂಕ ಗಳಿಸುತ್ತಾನೆ ಅನ್ನೋದು ಈಲೋ ಅನ್ನುವ ಹಳೆಯ ರೇಟಿಂಗ್ ಲೆಕ್ಕ, ಸಮ ಇದ್ದರೆ 50. ಅಂದರೆ ಎಷ್ಟೇ ಕಲಿತರೂ ಹತ್ತಿರ ಹತ್ತಿರ ಅರ್ಧ ಆಟ ಸೋಲುತ್ತಲೇ ಇರುತ್ತೀರಿ. ಇದು ಯಾರೂ ಹೇಳಿಕೊಡುವುದಿಲ್ಲ. ಹೋದ ವರ್ಷಕ್ಕಿಂತ ಚೆನ್ನಾಗಿ ಆಡುತ್ತಿರುವವನೂ 'ನಾನು ಇದ್ದಲ್ಲೇ ಇದ್ದೀನಿ' ಅಂತ ಕೊರಗುತ್ತಾನೆ.

ನಮ್ಮ ರೂಮಿನಲ್ಲೊಬ್ಬ, ಒಬ್ಬೊಬ್ಬರಿಗೆ ಮೂರು-ಐದು ನಿಮಿಷವಷ್ಟೇ ಸಿಗುವ ಬ್ಲಿಟ್ಜ್‌ನಲ್ಲಿ 1800 ಮುಟ್ಟಿದ. ಆಮೇಲೆ ಬ್ಲಿಟ್ಜ್ ಮುಟ್ಟಲೇ ಇಲ್ಲ. ಕರೆದರೆ "ಬ್ಯಾಡಲೇ, ಪಾಯಿಂಟ್ ಹೋಗ್ತಾವ" ಅಂತಾನೆ. ಒಂದೆರಡು ನಿಮಿಷದ ಬುಲೆಟ್, ಬ್ಲಿಟ್ಜ್, ರ‍್ಯಾಪಿಡ್ ಒಂದೊಂದಕ್ಕೂ ಬೇರೆ ರೇಟಿಂಗ್ ಇದೆಯಲ್ಲ, ಹಾಗಾಗಿ ಬುಲೆಟ್‌ನಲ್ಲಿ ಕೂತಿರುತ್ತಾನೆ. ಅವನಿಗೆ ತುಂಬಾ ಇಷ್ಟವಾದ ಆಟವನ್ನೇ ಆ ನಂಬರ್ ಅವನಿಂದ ಕಿತ್ತುಕೊಂಡಿತು, ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಇದಕ್ಕೆ ಮದ್ದು ಆ್ಯಪ್‌ನಲ್ಲೇ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟಗಾರರ ರೇಟಿಂಗ್ ತೋರಿಸಬೇಡ ಅಂತ ಹಾಕಬಹುದು, ಬೇಕಾದರೆ ಆಟ ನಡೆಯುವಾಗ ಮಾತ್ರ ಮರೆಮಾಡಬಹುದು. ಲೆಕ್ಕ ಒಳಗೆ ನಡೆಯುತ್ತಿರುತ್ತದೆ, ಸಮ ಎದುರಾಳಿಯೇ ಸಿಗುತ್ತಾನೆ. ನಾನು ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಹತ್ತು ನಿಮಿಷದ ಎರಡು ರ‍್ಯಾಪಿಡ್ ಆಟ ಆಗುತ್ತವೆ. ನಂಬರ್ ಮುಚ್ಚಿದ ಮೇಲೆ ಎದುರಿನವನು 1900 ಅಂತ ಹೆದರುವುದೂ ಇಲ್ಲ, 1500 ಅಂತ ಸಡಿಲ ಬಿಡುವುದೂ ಇಲ್ಲ. ಸುಮ್ನೆ ಬೋರ್ಡ್ ನೋಡುತ್ತೀನಿ. ಸೋತ ಆಟವನ್ನು ಕಂಪ್ಯೂಟರ್ ಜೊತೆ ಬಿಡಿಸಿ ನೋಡುವ ಮನಸ್ಸೂ ಬರುತ್ತದೆ.

ಇನ್ನೊಂದು ಮೆಚ್ಚಲೇಬೇಕು. ಮೋಸ ಮಾಡಿದವನು ಸಿಕ್ಕಿಬಿದ್ದರೆ ಅವನ ಎದುರು ಸೋತವರಿಗೆ ಪಾಯಿಂಟ್ ವಾಪಸ್ ಬರುತ್ತದೆ. ನಾಲ್ಕೇ ಪಾಯಿಂಟ್ ಇರಬಹುದು, ಆದರೆ ಆ ಮೆಸೇಜ್ ನೋಡಿದಾಗ ಇಲ್ಲಿ ನ್ಯಾಯ ಇದೆ ಅನಿಸುತ್ತದೆ.

ರೇಟಿಂಗ್ ಭಯ ಇರುವವರಿಗೆ ನನ್ನ ಸಲಹೆ ಅರೀನಾ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಒಂದರ ಹಿಂದೆ ಒಂದು ಆಟ ಆಡುವ ಟೂರ್ನಮೆಂಟ್. ಗೆದ್ದರೆ 2, ಡ್ರಾ ಆದರೆ 1, ಸತತ ಎರಡು ಗೆದ್ದರೆ ಅಲ್ಲಿಂದ ಪಾಯಿಂಟ್ ಡಬಲ್. ಸೋತರೆ ಅಳುತ್ತಾ ಕೂರಲು ಟೈಮೇ ಇರುವುದಿಲ್ಲ, ಮುಂದಿನ ಎದುರಾಳಿ ಬಂದೇಬಿಡುತ್ತಾನೆ. ಟೂರ್ನಮೆಂಟ್ ಮುಗಿದರೆ ಆ ಪಾಯಿಂಟ್ ಪಟ್ಟಿಯೂ ಮುಗಿಯಿತು. ಭಾನುವಾರ ನಾವೇ ರೂಮಿನವರೆಲ್ಲ ಸೇರಿ ಒಂದು ಹಾಕಿಕೊಳ್ಳುತ್ತೇವೆ, ರೇಟಿಂಗ್ ಬದಲಾಗದ ಹಾಗೆ, ರೇಟೆಡ್ ಬದಲು ಕ್ಯಾಶುವಲ್ ಅಂತ ಇಟ್ಟು. 1800ರ ಹುಡುಗ ಅದರಲ್ಲಿ ಬ್ಲಿಟ್ಜ್ ಆಡುತ್ತಾನೆ.